ಹಗ್ಗದ ಇನ್ನೊಂದು ತುದಿ

ಗಾಳಿಪಟವನ್ನು ಮೇಲಕ್ಕೇರಿಸುವುದು ಗಾಳಿಯೊಂದೇ ಅಲ್ಲ. ಅದನ್ನು ಗಾಳಿಗೆದುರಾಗಿ ಹಿಡಿದು ನಿಲ್ಲಿಸುವ ದಾರವೂ ಹೌದು. ದಾರ ತುಂಡಾದೊಡನೆ ಪಟವು ಸ್ವತಂತ್ರವಾಗಿ ಇನ್ನಷ್ಟು ಎತ್ತರಕ್ಕೆ ಏರುವುದಿಲ್ಲ. ಓಲಾಡುತ್ತ ದೂರ ಸರಿದು ಕೆಳಗೆ ಬೀಳುತ್ತದೆ. ಬಯಲಿನಲ್ಲಿ ಆಡಿದ ಪ್ರತಿಯೊಂದು ಮಗುವಿಗೂ ತಿಳಿದಿರುವ ಸಂಗತಿಯಿದು. ಮನುಷ್ಯನು ತಾನೇ ಗಾಳಿಪಟವಾಗಲು ಹೊರಟಾಗ ಎದುರಾದ ಅಪಾಯಗಳ ಮೂಲವೂ ಇದರಲ್ಲಿಯೇ ಇದೆ.

ಎಂಜಿನ್ ಇಲ್ಲದ ರೆಕ್ಕೆಯೊಂದನ್ನು ಮೈಗೆ ಬಿಗಿದುಕೊಂಡು, ಕುದುರೆ, ಮೋಟಾರು, ದೋಣಿ ಅಥವಾ ವಿಮಾನದ ಹಿಂದೆ ಹಗ್ಗದಿಂದ ಎಳೆಯಿಸಿಕೊಂಡು ಮೇಲೇರುವ ಪ್ರಯೋಗಗಳಿಗೆ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಸಣ್ಣ ವಿಮಾನದ ಹಿಂದೆ ಹ್ಯಾಂಗ್ ಗ್ಲೈಡರನ್ನು ಎಳೆದೊಯ್ಯುವುದು ಈಗ ಹಲವು ದೇಶಗಳಲ್ಲಿ ಅಂಗೀಕೃತವಾದ ಕ್ರೀಡೆ. ರಜಾಕಾಲದಲ್ಲಿ ನಮ್ಮ ಕಡಲತೀರಗಳಲ್ಲಿ ಕಾಣುವ ಪ್ಯಾರಾಸೈಲಿಂಗ್ ಅದರ ಹತ್ತಿರದ ಬಂಧು. ಈ ಎಲ್ಲ ಸಾಧನಗಳಿಗೂ ಸಮಾನವಾದ ಒಂದು ಲಕ್ಷಣವಿದೆ: ವೇಗವನ್ನೂ ದಿಕ್ಕನ್ನೂ ನಿರ್ಧರಿಸುವವನು ಒಬ್ಬ, ಅದರ ಫಲವನ್ನು ಅನುಭವಿಸುವವನು ಇನ್ನೊಬ್ಬ. ಇಬ್ಬರ ನಡುವೆ ಇರುವುದು ಒಂದು ಹಗ್ಗ. ಆದುದರಿಂದ ರೆಕ್ಕೆ ಎಷ್ಟು ಗಟ್ಟಿ ಎಂದು ಕೇಳುವ ಮೊದಲೇ, ‘ಇಂದು ಬೇಡ’, ‘ಇನ್ನು ಸಾಕು’ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಕೇಳಬೇಕಾಗುತ್ತದೆ.

ಪ್ರೇಕ್ಷಕರು ಕಾದಿದ್ದರು

ಇಂಗ್ಲೆಂಡಿನ ಪರ್ಸಿ ಪಿಲ್ಚರ್ ನೌಕಾ ಎಂಜಿನಿಯರಿಂಗ್ ಬಲ್ಲವನು. ಜರ್ಮನಿಯ ಒಟ್ಟೊ ಲಿಲಿಯೆಂತಾಲನನ್ನು ಕಂಡು, ಅವನಿಂದ ಗ್ಲೈಡರ್ ಹಾರಾಟವನ್ನು ಕಲಿತು ಬಂದಿದ್ದನು. ಗುಡ್ಡದಿಂದ ಓಡಿ ಜಿಗಿಯುವ ಬದಲಾಗಿ, ರಾಟೆಗಳ ಮೂಲಕ ಹಾಯಿಸಿದ ಹಗ್ಗದಿಂದ ಗ್ಲೈಡರನ್ನು ಎಳೆಯಿಸಿಕೊಂಡು ಸಮತಟ್ಟಾದ ನೆಲದಿಂದಲೇ ಮೇಲೇರುವ ಕ್ರಮವನ್ನು ಅವನು ಬೆಳೆಸಿದನು. 1899ರ ಸೆಪ್ಟೆಂಬರ್ 30ರಂದು ಸ್ಟ್ಯಾನ್‌ಫರ್ಡ್ ಹಾಲ್ ಎಂಬಲ್ಲಿ ಆಹ್ವಾನಿತರ ಮುಂದೆ ತನ್ನ ಹೊಸ ಎಂಜಿನ್ ಯಂತ್ರವನ್ನು ತೋರಿಸಬೇಕೆಂದಿದ್ದನು. ಎಂಜಿನ್ನಿನ ಭಾಗವೊಂದು ಮುರಿದಿತ್ತು, ಹವೆಯೂ ಕೆಟ್ಟಿತ್ತು. ಬಂದ ಅತಿಥಿಗಳನ್ನು ನಿರಾಶೆಗೊಳಿಸಲು ಮನಸ್ಸಾಗದೆ, ಮಳೆಯಲ್ಲಿ ನೆನೆದ ತನ್ನ ಹಳೆಯ ‘ಹಾಕ್’ ಗ್ಲೈಡರನ್ನೇರಿ ಕುದುರೆಗಳಿಂದ ಎಳೆಯಿಸಿಕೊಂಡನು. ಸುಮಾರು ಮೂವತ್ತು ಅಡಿ ಎತ್ತರದಲ್ಲಿ ಬಾಲದ ಭಾಗದ ಬಿದಿರ ಕೋಲು ಮುರಿಯಿತು. ನೆಲಕ್ಕೆ ಬಿದ್ದ ಪಿಲ್ಚರ್ ಎರಡು ದಿನಗಳ ಬಳಿಕ ತೀರಿಕೊಂಡನು. ಆಗ ಅವನಿಗೆ 32 ವರ್ಷ.

ಆರು ವರ್ಷಗಳ ನಂತರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಮಾಂಟ್‌ಗೊಮೆರಿಯು ನಿರ್ಮಿಸಿದ ಗ್ಲೈಡರನ್ನು ಬಿಸಿಗಾಳಿಯ ಬಲೂನಿನ ಕೆಳಗೆ ತೂಗಿಸಿ ಮೇಲಕ್ಕೊಯ್ಯುವ ಪ್ರದರ್ಶನಗಳು ನಡೆದವು. ಹಾರುವವನು ಡೇನಿಯಲ್ ಮಲೋನಿ. 1905ರ ಏಪ್ರಿಲ್ 29ರಂದು ಸಾಂಟಾ ಕ್ಲಾರಾದಲ್ಲಿ ಸಾವಿರಾರು ಅಡಿ ಎತ್ತರದಲ್ಲಿ ಬಲೂನಿನಿಂದ ಬೇರ್ಪಟ್ಟು ಅವನು ಕ್ಷೇಮವಾಗಿ ಇಳಿದನು. ಅದೇ ವರ್ಷದ ಜುಲೈ 18ರಂದು ಬಲೂನು ಮೇಲೇಳುವಾಗ ಅದರಿಂದ ಇಳಿಬಿದ್ದ ಹಗ್ಗವೊಂದು ಗ್ಲೈಡರಿಗೆ ತಾಗಿ ಅದನ್ನು ಘಾಸಿಗೊಳಿಸಿತು. ಕೆಳಗಿದ್ದವರಿಗೆ ಅದು ಕಂಡಿತು, ಅವರು ಕೂಗಿದರು. ಮೇಲಿದ್ದ ಮಲೋನಿಗೆ ಆ ಎಚ್ಚರಿಕೆ ತಲುಪಲಿಲ್ಲ. ಎಂದಿನಂತೆ ಅವನು ಗ್ಲೈಡರನ್ನು ಬಿಡಿಸಿಕೊಂಡನು. ಅದು ಮಗುಚಿ ಬಿದ್ದು ಅವನು ಮೃತಪಟ್ಟನು.

ಮೂರನೆಯವನು ಫ್ರಾನ್ಸಿನ ಲಿಯೊ ವಾಲೆಂತಾಂ. ಮರದ ರೆಕ್ಕೆಗಳನ್ನು ಕಟ್ಟಿಕೊಂಡು ವಿಮಾನದಿಂದ ಜಿಗಿಯುವುದರಲ್ಲಿ ಹೆಸರಾದವನು. ಇಲ್ಲಿ ಎಳೆಯುವ ಹಗ್ಗವಿರಲಿಲ್ಲ. ಆದರೆ ಮೇಲಕ್ಕೊಯ್ಯುವ ಯಂತ್ರದಿಂದ ಹಾರುವವನು ಬೇರ್ಪಡುವ ಕ್ಷಣದ ಅಪಾಯ ಅದೇ. 1956ರ ಮೇ 21ರಂದು ಲಿವರ್‌ಪೂಲಿನ ಸ್ಪೀಕ್ ವಿಮಾನ ನಿಲ್ದಾಣದಲ್ಲಿ ಭಾರೀ ಜನಸ್ತೋಮದ ಮುಂದೆ ಅವನು ವಿಮಾನದಿಂದ ಹೊರಬೀಳುವಾಗ ರೆಕ್ಕೆಯು ಬಾಗಿಲಿಗೆ ಬಡಿದು ಮುರಿಯಿತು. ಪ್ಯಾರಾಶೂಟುಗಳು ಸಿಕ್ಕಿಹಾಕಿಕೊಂಡವು. ಅವನು ಉಳಿಯಲಿಲ್ಲ.

ಈ ಮೂವರಲ್ಲಿ ಯಾರೂ ಅನನುಭವಿಗಳಲ್ಲ. ಪಿಲ್ಚರನಿಗೆ ಹವೆ ಕೆಟ್ಟಿರುವುದು ಹಾರುವ ಮುನ್ನವೇ ತಿಳಿದಿತ್ತು. ಮಲೋನಿಯ ಗ್ಲೈಡರಿಗಾದ ಹಾನಿ ನೆಲದ ಮೇಲಿದ್ದವರಿಗೆ ಕಂಡಿತ್ತು. ಮೂರು ಸಂದರ್ಭಗಳಲ್ಲಿಯೂ ಪ್ರೇಕ್ಷಕರು ಕಾದಿದ್ದರು. ಹಾರಾಟವನ್ನು ಇನ್ನೊಂದು ದಿನಕ್ಕೆ ಮುಂದೂಡುವ ಕ್ರಮವಾಗಲಿ, ನೆಲದಿಂದ ಮೇಲಕ್ಕೆ ‘ನಿಲ್ಲಿಸು’ ಎಂದು ತಿಳಿಸುವ ಸಂಕೇತವಾಗಲಿ ಮೊದಲೇ ನಿಶ್ಚಯವಾಗಿದ್ದರೆ ಮೊದಲಿನ ಇಬ್ಬರ ಪ್ರಾಣ ಉಳಿಯುವ ಸಾಧ್ಯತೆಯಿತ್ತು.

ಮೆಟ್ಟಿಲು ಮೆಟ್ಟಿಲಾಗಿ

ಪ್ರಯೋಗವೆಂದರೆ ದುಸ್ಸಾಹಸವೇ ಆಗಬೇಕೆಂದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್ ಬಳಿಯ ರಿಂಗ್‌ವೇ ವಿಮಾನನೆಲೆಯಲ್ಲಿ ಆಸ್ಟ್ರಿಯಾ ಮೂಲದ ರೌಲ್ ಹಾಫ್ನರ್ ‘ರೋಟಾಶೂಟ್’ ಎಂಬ ಒಬ್ಬಾಳಿನ ಸಾಧನವನ್ನು ರೂಪಿಸಿದನು. ಎಂಜಿನ್ ಇಲ್ಲ; ತಲೆಯ ಮೇಲೆ ಗಾಳಿಗೆ ತಾನಾಗಿ ತಿರುಗುವ ಎರಡು ಅಲಗು, ಕೆಳಗೆ ಒಬ್ಬ ಕುಳಿತುಕೊಳ್ಳುವ ಚೌಕಟ್ಟು, ಹಿಂದೆ ಒಂದು ಬಾಲ. ಪ್ಯಾರಾಶೂಟಿಗೆ ಬದಲಾಗಿ ಸೈನಿಕನನ್ನು ಬೇಕಾದ ಜಾಗದಲ್ಲಿಯೇ ಇಳಿಸುವುದು ಅದರ ಉದ್ದೇಶ.

ಮೊದಲು ಮನುಷ್ಯರಿಲ್ಲದ ಸಣ್ಣ ಮಾದರಿಗಳನ್ನು ಬೀಳಿಸಿ ನೋಡಲಾಯಿತು. ಬಳಿಕ 1942ರಲ್ಲಿ ಮನುಷ್ಯನನ್ನು ಕೂರಿಸಿ, ಮೋಟಾರು ಕಾರಿನ ಹಿಂದೆ ನೆಲಕ್ಕೆ ಸಮೀಪದಲ್ಲಿಯೇ ಎಳೆದು ಪರೀಕ್ಷಿಸಲಾಯಿತು. ಇಳಿಯುವಾಗ ಯಂತ್ರ ಮಗುಚಿಕೊಂಡದ್ದೂ ಉಂಟು. ಪ್ರತಿಯೊಂದು ತೊಂದರೆಯ ನಂತರವೂ ವಿನ್ಯಾಸವನ್ನು ತಿದ್ದಿ ಹೊಸ ಮಾದರಿಯನ್ನು ಮಾಡಲಾಯಿತು. ಆಮೇಲಷ್ಟೇ ‘ಟೈಗರ್ ಮಾತ್’ ಎಂಬ ನಿಧಾನಗತಿಯ ಸಣ್ಣ ವಿಮಾನದ ಹಿಂದೆ ಅದನ್ನು ಎಳೆದು ಎತ್ತರಕ್ಕೆ ಒಯ್ಯಲಾಯಿತು. ಯುದ್ಧದಲ್ಲಿ ಅದು ಬಳಕೆಯಾಗಲೇ ಇಲ್ಲ. ಆದರೂ ಪ್ರಯೋಗ ಹೇಗೆ ನಡೆಯಬೇಕೆಂಬುದಕ್ಕೆ ಅದೊಂದು ಒಳ್ಳೆಯ ಪಾಠ.

ಅದೇ ಕಾಲದಲ್ಲಿ ಜರ್ಮನರು ‘ಫೋಕೆ ಆಖ್‌ಗೆಲಿಸ್ 330’ ಎಂಬ ಇಂತಹದೇ ಸಾಧನವನ್ನು ಜಲಾಂತರ್ಗಾಮಿಗಳ ಹಿಂದೆ ಎಳೆದು, ದೂರದ ಹಡಗುಗಳನ್ನು ಗುರುತಿಸಲು ನಾವಿಕನೊಬ್ಬನನ್ನು ಮೇಲಕ್ಕೆ ಕಳುಹಿಸುತ್ತಿದ್ದರು. ಶತ್ರುವಿಮಾನ ಕಂಡರೆ ಜಲಾಂತರ್ಗಾಮಿಯು ಕೂಡಲೇ ಮುಳುಗಬೇಕು. ಆಗ ಮೇಲಿರುವವನು ಹಿಡಿಯೊಂದನ್ನು ಎಳೆದು ತಿರುಗುವ ಅಲಗುಗಳನ್ನು ಕಳಚಿ, ಪ್ಯಾರಾಶೂಟಿನಲ್ಲಿ ಸಮುದ್ರಕ್ಕಿಳಿದು, ತನ್ನವರು ಮರಳಿ ಬರುವರೆಂಬ ನಂಬಿಕೆಯಲ್ಲಿ ತೇಲುತ್ತಿರಬೇಕಾಗಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿರುವವನ ಆದ್ಯತೆ ಬೇರೆಯಾದಾಗ ಮೇಲಿರುವವನ ಪಾಡೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಎಳೆತದ ಲೆಕ್ಕ

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ದೋಣಿಯು 20 ಕಿಲೋಮೀಟರ್ ವೇಗದ ಗಾಳಿಗೆ ಎದುರಾಗಿ ಓಡಿದರೆ, ಹಿಂದಿರುವ ಕೊಡೆಗೆ ತಾಗುವ ಗಾಳಿಯ ವೇಗ 50 ಕಿಲೋಮೀಟರ್. ದೋಣಿಯವನು ತನ್ನ ವೇಗವನ್ನು ಕಿಂಚಿತ್ತೂ ಹೆಚ್ಚಿಸದಿದ್ದರೂ ಹಗ್ಗದ ಮೇಲಿನ ಎಳೆತವು ಸುಮಾರು ಎರಡೂಮುಕ್ಕಾಲು ಪಟ್ಟು ಆಗಬಹುದು. ಬೆಳಿಗ್ಗೆ ಗಟ್ಟಿಯಾಗಿದ್ದ ಹಗ್ಗ ಮಧ್ಯಾಹ್ನದ ಕಡಲಗಾಳಿಗೆ ಸಾಲದೆ ಹೋಗುವುದು ಹೀಗೆ.

ವಿಮಾನದ ಹಿಂದೆ ಎಳೆಯುವಾಗ ಇನ್ನೊಂದು ತೊಡಕಿದೆ. ಸಾಮಾನ್ಯವಾದ ಸಣ್ಣ ವಿಮಾನವು ಗಂಟೆಗೆ 80–90 ಕಿಲೋಮೀಟರಿಗಿಂತ ನಿಧಾನವಾಗಿ ಹಾರಲಾರದು. ಪ್ಯಾರಾಗ್ಲೈಡರಿನ ಸಹಜ ವೇಗವೋ ಗಂಟೆಗೆ 35–40 ಕಿಲೋಮೀಟರ್ ಮಾತ್ರ. ಒಂದರ ಕನಿಷ್ಠವು ಇನ್ನೊಂದರ ಗರಿಷ್ಠವನ್ನು ಮೀರಿದಾಗ ಎರಡನ್ನೂ ಕಟ್ಟಿಹಾಕುವ ಹಗ್ಗವೇ ಅಪಾಯವಾಗುತ್ತದೆ. ಹ್ಯಾಂಗ್ ಗ್ಲೈಡರುಗಳನ್ನು ಎಳೆಯಲೆಂದೇ ‘ಡ್ರ್ಯಾಗನ್‌ಫ್ಲೈ’ಯಂತಹ ಅತ್ಯಂತ ನಿಧಾನಗತಿಯ ಹಗುರ ವಿಮಾನಗಳನ್ನು ರೂಪಿಸಬೇಕಾಗಿ ಬಂದುದು ಇದೇ ಕಾರಣದಿಂದ.

ಹಾರಾಟಗಾರರು ಅತಿ ಹೆಚ್ಚು ಹೆದರುವ ಸ್ಥಿತಿಗೆ ‘ಲಾಕ್‌ಔಟ್’ ಎಂದು ಹೆಸರು. ಎಳೆಯಲ್ಪಡುವ ಗ್ಲೈಡರ್ ಗಾಳಿಯ ಹೊಡೆತದಿಂದ ಒಂದು ಬದಿಗೆ ವಾಲಿತೆನ್ನೋಣ. ಹಗ್ಗವು ಆಗ ನೇರವಾಗಿ ಮುಂದಕ್ಕೆ ಎಳೆಯದೆ ಓರೆಯಾಗಿ ಎಳೆಯತೊಡಗುತ್ತದೆ. ಓರೆಯಾದ ಎಳೆತವು ವಾಲಿದ ರೆಕ್ಕೆಯನ್ನು ಇನ್ನಷ್ಟು ವಾಲಿಸುತ್ತದೆ. ಹೆಚ್ಚು ವಾಲಿದಷ್ಟೂ ಎಳೆತ ಹೆಚ್ಚು ಓರೆಯಾಗುತ್ತದೆ. ಮೈಯ ಭಾರವನ್ನು ಅತ್ತಿತ್ತ ಸರಿಸಿ ಗ್ಲೈಡರನ್ನು ನಡೆಸುವವನ ಬಲಕ್ಕೆ ಇದು ಕೆಲವೇ ಕ್ಷಣಗಳಲ್ಲಿ ಮೀರಿಹೋಗುತ್ತದೆ. ಸಾಕಷ್ಟು ಎತ್ತರದಲ್ಲಿದ್ದರೆ ಹಗ್ಗ ಬಿಡಿಸಿಕೊಂಡು ಸಾವರಿಸಿಕೊಳ್ಳಬಹುದು. ನೆಲಕ್ಕೆ ಹತ್ತಿರವಿದ್ದರೆ ಅದಕ್ಕೆ ಅವಕಾಶವೇ ಇರುವುದಿಲ್ಲ.

ಅಪಾಯವು ಹಿಂದಿನವನಿಗೆ ಮಾತ್ರವೂ ಅಲ್ಲ. ಹಿಂದಿರುವ ಗ್ಲೈಡರ್ ಎಳೆಯುವ ವಿಮಾನಕ್ಕಿಂತ ತೀರ ಮೇಲಕ್ಕೆ ಏರಿಬಿಟ್ಟರೆ ಹಗ್ಗವು ವಿಮಾನದ ಬಾಲವನ್ನು ಮೇಲಕ್ಕೆತ್ತುತ್ತದೆ. ಮೂತಿ ನೆಲದ ಕಡೆಗೆ ತಿರುಗುತ್ತದೆ. ಗ್ಲೈಡರುಗಳನ್ನು ಎಳೆಯುವ ವಿಮಾನಗಳ ಚಾಲಕರು ಹೀಗೆ ಪ್ರಾಣ ಕಳೆದುಕೊಂಡ ನಿದರ್ಶನಗಳಿವೆ. ಹಗ್ಗದ ಎರಡೂ ತುದಿಗಳಲ್ಲಿ ಅದನ್ನು ಬಿಡಿಸುವ ಸಾಧನ ಇರಬೇಕೆಂಬ ನಿಯಮ ಹುಟ್ಟಿದ್ದು ಇಂತಹ ಅನುಭವದಿಂದ.

ಮುರಿಯಲೆಂದೇ ಇರುವ ಕೊಂಡಿ

ಎಳೆಯುವ ಹಗ್ಗ ಎಷ್ಟು ಗಟ್ಟಿಯಾಗಿರಬೇಕು? ‘ಎಷ್ಟು ಗಟ್ಟಿಯಿದ್ದರೂ ಒಳ್ಳೆಯದು’ ಎಂಬ ಉತ್ತರ ತಪ್ಪು. ಅಮೆರಿಕದ ವಿಮಾನಯಾನ ನಿಯಮದ ಪ್ರಕಾರ ಹಗ್ಗದ ತಾಳಿಕೆಯ ಶಕ್ತಿಯು ಎಳೆಯಲ್ಪಡುವ ಗ್ಲೈಡರಿನ ಗರಿಷ್ಠ ತೂಕದ ಶೇಕಡಾ 80ಕ್ಕಿಂತ ಕಡಿಮೆಯಾಗಬಾರದು, ಎರಡು ಪಟ್ಟಿಗಿಂತ ಹೆಚ್ಚಾಗಲೂಬಾರದು. ಹಾರುವವನನ್ನೂ ಸೇರಿಸಿ ತೂಕ 120 ಕಿಲೋ ಎಂದಿಟ್ಟುಕೊಂಡರೆ, ಹಗ್ಗವು 96 ಕಿಲೋ ಭಾರವನ್ನು ತಾಳಬೇಕು. 240 ಕಿಲೋ ದಾಟುವ ಮೊದಲು ತುಂಡಾಗಬೇಕು. ಹಗ್ಗ ಅದಕ್ಕಿಂತ ಗಟ್ಟಿಯಾಗಿದ್ದರೆ ಎರಡೂ ತುದಿಗಳಲ್ಲಿ ಮಿತಿಯಾದ ಶಕ್ತಿಯ ಕೊಂಡಿಯನ್ನು ಹಾಕಬೇಕು. ವಿಮಾನದ ತುದಿಯ ಕೊಂಡಿಯು ಗ್ಲೈಡರಿನ ತುದಿಯದಕ್ಕಿಂತ ತುಸು ಗಟ್ಟಿಯಾಗಿರಬೇಕು. ಹಾಗಿದ್ದರೆ ಗ್ಲೈಡರಿನ ಬಳಿಯೇ ಮೊದಲು ಕಡಿದು, ಉದ್ದದ ಹಗ್ಗವು ಹಾರುವವನ ಮೈಗೆ ಜೋತುಬೀಳದೆ ವಿಮಾನದ ಜತೆಗೇ ಹೋಗುತ್ತದೆ.

ಈ ‘ದುರ್ಬಲ ಕೊಂಡಿ’ಯನ್ನೇ ಸರ್ವರಕ್ಷಕವೆಂದು ನಂಬುವುದೂ ತಪ್ಪು. ಲಾಕ್‌ಔಟ್ ಆದಾಗ ಎಳೆತವು ಕೊಂಡಿಯ ಮಿತಿಯನ್ನು ಮುಟ್ಟುವುದರೊಳಗೆ ಗ್ಲೈಡರ್ ಮಗುಚಿಕೊಂಡಿರಬಹುದು. ಮೂತಿ ಮೇಲಾಗಿ ಏರುತ್ತಿರುವಾಗ ಕೊಂಡಿ ತಟ್ಟನೆ ಕಡಿದರೆ ವೇಗ ಕುಸಿದು ಗ್ಲೈಡರ್ ಬೀಳಲೂಬಹುದು. ಆದುದರಿಂದ ಹಿಡಿತವನ್ನು ಬಿಡದೆಯೇ ಹಗ್ಗವನ್ನು ಕಳಚಿಕೊಳ್ಳುವ ಸಾಧನವು ಹಾರುವವನ ಕೈಗೆಟಕುವಂತಿರಬೇಕು. ಅದನ್ನು ಪ್ರತಿ ಹಾರಾಟಕ್ಕೂ ಮೊದಲು ನೆಲದ ಮೇಲೆಯೇ ಎಳೆದು ಪರೀಕ್ಷಿಸಬೇಕು.

ಕಡಲತೀರದ ಪ್ಯಾರಾಸೈಲಿಂಗಿನಲ್ಲಿ ಮೇಲೇರುವ ಪ್ರವಾಸಿಗನಿಗೆ ಈ ತರಬೇತಿ ಇರುವುದಿಲ್ಲ. ಹಗ್ಗವನ್ನು ಬಿಡುವ ಅಧಿಕಾರವೂ ಅವನಿಗಿರುವುದಿಲ್ಲ. ಅವನ ಕ್ಷೇಮವೆಲ್ಲ ದೋಣಿಯವನ ಕೈಯಲ್ಲಿ ಮತ್ತು ಹಗ್ಗದ ಸ್ಥಿತಿಯಲ್ಲಿರುತ್ತದೆ. ಬಿಸಿಲು, ಉಪ್ಪುನೀರು, ಮರಳು ಹಗ್ಗವನ್ನು ಒಳಗಿನಿಂದ ಸವೆಸುತ್ತವೆ. ಗಂಟು ಹಾಕಿದೆಡೆಯಲ್ಲಿ ಅದರ ಶಕ್ತಿ ಅರ್ಧದಷ್ಟೂ ಕುಗ್ಗಬಹುದು. 2021ರ ನವೆಂಬರಿನಲ್ಲಿ ದೀವ್‌ನ ನಾಗೋವಾ ಕಡಲತೀರದಲ್ಲಿ ದಂಪತಿಯೊಂದು ಮೇಲೇರಿದ್ದಾಗ ಹಗ್ಗ ತುಂಡಾಯಿತು. ಅವರು ಸಮುದ್ರಕ್ಕೆ ಬಿದ್ದರೂ ಜೀವರಕ್ಷಕ ಅಂಗಿಗಳನ್ನು ತೊಟ್ಟಿದ್ದುದರಿಂದ ಬದುಕುಳಿದರು. ಕೆಳಗೆ ನೀರಿನ ಬದಲು ನೆಲವೋ ಬಂಡೆಯೋ ಇದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಕಾನೂನಿನ ಮಾತು

ಭಾರತದ 1934ರ ವಿಮಾನ ಕಾಯ್ದೆಯು ‘ವಿಮಾನ’ ಎಂಬ ಪದದ ಅರ್ಥದೊಳಗೆ ಬಲೂನು, ಗ್ಲೈಡರುಗಳ ಜತೆಗೆ ಗಾಳಿಪಟವನ್ನೂ ಸೇರಿಸಿತ್ತು ಎಂಬುದು ಹಲವರಿಗೆ ಅಚ್ಚರಿಯಾಗಬಹುದು. ಆ ಕಾಯ್ದೆಯ ಸ್ಥಾನದಲ್ಲಿ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಯಲ್ಲಿದೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ರಾಷ್ಟ್ರೀಯ ವಾಯುಕ್ರೀಡಾ ನೀತಿಯು ಹ್ಯಾಂಗ್ ಗ್ಲೈಡಿಂಗ್, ಪ್ಯಾರಾಗ್ಲೈಡಿಂಗ್, ಪ್ಯಾರಾಶೂಟ್ ಜಿಗಿತಗಳ ಜತೆಗೆ ಹವ್ಯಾಸಿಗಳು ನಿರ್ಮಿಸಿದ ಪ್ರಾಯೋಗಿಕ ವಿಮಾನಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಸುರಕ್ಷತೆಯ ಮಾನದಂಡಗಳನ್ನು ಗೊತ್ತುಪಡಿಸುವ ಹೊಣೆಯನ್ನು ಆಯಾ ಕ್ರೀಡೆಯ ರಾಷ್ಟ್ರೀಯ ಸಂಘಗಳಿಗೆ ವಹಿಸಿದೆ. ಜಲಕ್ರೀಡೆಗಳ ನಿರ್ವಾಹಕರಿಗೆ ತರಬೇತಿ ನೀಡಲು ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ.

ಮೇಲೇರುವ ಮೊದಲು ‘ಏನಾದರೂ ಆದರೆ ನಾನೇ ಹೊಣೆ’ ಎಂಬರ್ಥದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ. ಸಹಿ ಹಾಕಿದ ಮೇಲೆ ಮುಗಿಯಿತು ಎಂದು ಬಹಳಷ್ಟು ಕುಟುಂಬಗಳು ಭಾವಿಸುತ್ತವೆ. ಅದು ಸರಿಯಲ್ಲ. ಆಟದಲ್ಲಿ ಸಹಜವಾಗಿರುವ ಅಪಾಯಕ್ಕೆ ಒಪ್ಪುವುದು ಬೇರೆ, ನಿರ್ವಾಹಕನ ಅಜಾಗರೂಕತೆಗೆ ಒಪ್ಪುವುದು ಬೇರೆ. ಸವೆದ ಹಗ್ಗವನ್ನು ಬಳಸುವುದು, ಬಿರುಗಾಳಿಯಲ್ಲಿ ಹಾರಿಸುವುದು ಆಟದ ಸಹಜ ಅಪಾಯವಾಗಲಾರದು. ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಯಾವ ಕಾಗದದ ಸಹಿಯೂ ಈ ಅಪರಾಧವನ್ನು ಅಳಿಸಲಾರದು.

ಮಕ್ಕಳ ಸಹಿಯ ವಿಷಯವಂತೂ ಇನ್ನೂ ಸ್ಪಷ್ಟ. 1872ರ ಕರಾರು ಕಾಯ್ದೆಯ 11ನೆಯ ಕಲಮಿನಂತೆ ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ. ಅಂತಹ ಕರಾರು ಆರಂಭದಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿಯೇ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಹದಿನೆಂಟು ತುಂಬದ ವಿದ್ಯಾರ್ಥಿಯಿಂದ ಸಹಿ ಹಾಕಿಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ.

ಹಣ ಕೊಟ್ಟು ಪಡೆಯುವ ಹಾರಾಟವೂ ಒಂದು ಸೇವೆಯೇ. ಅದರಲ್ಲಿ ಕೊರತೆಯಾಗಿ ಹಾನಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಪರಿಹಾರ ಕೇಳಬಹುದು. ಗಡಿನಾಡಿನ ಕುಟುಂಬಗಳು ಮುಖ್ಯವಾಗಿ ತಿಳಿದಿರಬೇಕಾದುದು ಇದು: ಅವಘಡ ನಡೆದುದು ಬೇರೆ ರಾಜ್ಯದಲ್ಲಾದರೂ ದೂರುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಹಣ ಕೊಟ್ಟ ರಶೀದಿ, ಸಹಿ ಹಾಕಿದ ಕಾಗದದ ಪ್ರತಿ, ಛಾಯಾಚಿತ್ರ, ವೈದ್ಯಕೀಯ ದಾಖಲೆಗಳನ್ನು ಜೋಪಾನವಾಗಿಡಬೇಕು.

ಪ್ರವಾಸಕ್ಕೆ ಹೊರಡುವ ಮುನ್ನ

ಮಲೋನಿಗೆ ನೆಲದ ಕೂಗು ಕೇಳಿಸಲಿಲ್ಲ. ನಮ್ಮ ಮಕ್ಕಳಿಗೆ ಕೂಗು ಕೇಳಿಸಿದರೂ ಅರ್ಥವಾಗದೆ ಹೋಗಬಹುದು. ಕನ್ನಡ ಮಾಧ್ಯಮದಲ್ಲಿ ಓದುವ ಗಡಿನಾಡಿನ ಮಗುವಿಗೆ ಮನೆಯ ಭಾಷೆ, ಊರಿನ ಭಾಷೆಗಳು ತಿಳಿದಿರುತ್ತವೆ. ದೂರದ ಕಡಲತೀರದ ನಿರ್ವಾಹಕನು ಇನ್ನಾವುದೋ ಭಾಷೆಯಲ್ಲಿ ಅವಸರದಿಂದ ಹೇಳುವ ‘ಹಿಡಿ’, ‘ಬಿಡು’, ‘ಕಾಲು ಎತ್ತು’ ಎಂಬ ಸೂಚನೆಗಳು ತಿಳಿಯದಿದ್ದರೆ ಅದು ಸಣ್ಣ ಕೊರತೆಯಲ್ಲ. ಸೂಚನೆಗಳನ್ನು ಮಗುವಿನ ಭಾಷೆಯಲ್ಲಿ ವಿವರಿಸಿ, ಮಗುವು ಅದನ್ನು ಮರಳಿ ಹೇಳಿದ ನಂತರವೇ ಪಟ್ಟಿ ಬಿಗಿಯಲು ಬಿಡಬೇಕು. ಓದಲಾಗದ ಭಾಷೆಯ ಕಾಗದಕ್ಕೆ ಹೆತ್ತವರಾಗಲಿ ಅಧ್ಯಾಪಕರಾಗಲಿ ಸಹಿ ಹಾಕಬಾರದು, ಓದಿ ಹೇಳಿಸಿಕೊಳ್ಳಬೇಕು.

ಶಾಲೆಯವರು ಪ್ರವಾಸದ ಒಪ್ಪಿಗೆ ಪತ್ರವನ್ನು ಕಳುಹಿಸುವಾಗ ಊರುಗಳ ಪಟ್ಟಿಯ ಜತೆಗೆ ಸಾಹಸಕ್ರೀಡೆಗಳಿವೆಯೇ ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಬೇಕು. ಪ್ರವಾಸದಲ್ಲಿರುವಷ್ಟು ಕಾಲವೂ ಮಕ್ಕಳ ಕ್ಷೇಮದ ಹೊಣೆ ಶಾಲೆಯ ಮೇಲಿರುತ್ತದೆ. ಸ್ಥಳಕ್ಕೆ ತಲುಪಿದಾಗ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಪರವಾನಗಿ ಯಾರದು, ಅದರ ಅವಧಿ ಎಂದಿನವರೆಗೆ? ಹಗ್ಗವನ್ನು ಬದಲಿಸಿದ್ದು ಯಾವಾಗ, ನಡುವೆ ಗಂಟುಗಳಿವೆಯೇ? ಈ ಹೊತ್ತಿನ ಗಾಳಿಯ ವೇಗವೆಷ್ಟು, ಎಷ್ಟಾದರೆ ನಿಲ್ಲಿಸುತ್ತಾರೆ? ಮಗುವಿನ ತೂಕಕ್ಕೆ ತಕ್ಕ ಪಟ್ಟಿಯೂ ಜೀವರಕ್ಷಕ ಅಂಗಿಯೂ ಇವೆಯೇ? ದೋಣಿಯಲ್ಲಿ ಚಾಲಕನಲ್ಲದೆ, ಮೇಲಿರುವವರನ್ನೇ ಸತತವಾಗಿ ನೋಡುತ್ತಿರುವ ಇನ್ನೊಬ್ಬನಿದ್ದಾನೆಯೇ? ಮೇಲಿನಿಂದ ‘ನಿಲ್ಲಿಸಿ’ ಎಂದು ತಿಳಿಸಲು ಕೈಸನ್ನೆ ಯಾವುದು? ಈ ಪ್ರಶ್ನೆಗಳಿಗೆ ಸಿಡುಕುವ ನಿರ್ವಾಹಕನ ಬಳಿ ಮಗುವನ್ನು ಬಿಡುವ ಅಗತ್ಯವಿಲ್ಲ.

ಕೊನೆಯದಾಗಿ, ಹಣ ಕೊಟ್ಟಾಗಿದೆ, ಸಾಲಿನಲ್ಲಿ ನಿಂತಾಗಿದೆ, ಗೆಳೆಯರೆಲ್ಲ ಹೋಗಿಬಂದಿದ್ದಾರೆ ಎಂಬ ಕಾರಣಕ್ಕೆ ಹಿಂಜರಿಯುವ ಮಗುವನ್ನು ಒತ್ತಾಯಿಸಬಾರದು. ಪಿಲ್ಚರನು ಆ ಮಳೆಗಾಲದ ಸಂಜೆ ಅತಿಥಿಗಳ ಕ್ಷಮೆ ಕೇಳಿ ಹಾರಾಟವನ್ನು ಮುಂದೂಡಿದ್ದರೆ ಯಾರೂ ಅವನನ್ನು ಹೇಡಿ ಎನ್ನುತ್ತಿರಲಿಲ್ಲ. ಮಗುವು ‘ನನಗೆ ಬೇಡ’ ಎಂದರೆ ಪಟ್ಟಿಯನ್ನು ಬಿಚ್ಚಿಸಿ, ಕೈಹಿಡಿದು, ದಡದಲ್ಲಿ ಕುಳಿತು ಉಳಿದವರ ಹಾರಾಟವನ್ನು ನೋಡಬಹುದು.